ಮುಚ್ಚಿದ ಕಡಲಿನ ಟಪಾಲು

ವೊಲೊಗ್ದಾ
14 ಸೆಪ್ಟೆಂಬರ್ 1988

ಗೌರವಾನ್ವಿತ ಲಾವ್ರ್ ಕುಜ್ಮಿಚ್ ಅವರಿಗೆ,

ನನ್ನ ನೆನಪು ನಿಮಗಿದೆಯೋ ಇಲ್ಲವೋ. ಆಗಸ್ಟ್ ಹತ್ತೊಂಬತ್ತರಂದು ಸೊಲೊವ್ಕಿ ದ್ವೀಪದ ಮಠದ ಗೋಡೆಯ ಕೆಳಗೆ ನೀವು ದೋಣಿಗೆ ಟಾರು ಬಳಿಯುತ್ತಿದ್ದಿರಿ. ನಿಮ್ಮ ಪಕ್ಕದಲ್ಲಿ ಒಂದು ಗಂಟೆ ಕೂತಿದ್ದ ಬೂದು ಕೋಟಿನ ಹೆಂಗಸು ನಾನು. "ಕೂತ್ಕೊಳಿ, ಆದ್ರೆ ಆ ಹಲಗೆ ಮೇಲೆ ಬೇಡ, ಟಾರು ಇನ್ನೂ ಹಸಿ ಇದೆ" ಎಂದಿರಿ. ನಾನು ಅದರ ಮೇಲೆಯೇ ಕೂತೆ. ಕೋಟು ಹಾಳಾಯಿತು. ಅದಕ್ಕಾಗಿ ನಿಮ್ಮನ್ನು ದೂರುತ್ತಿಲ್ಲ. ದೂರಲು ನನಗೆ ಬೇರೆ ಜನ ಬೇಕಾದಷ್ಟಿದ್ದಾರೆ.

ಅವತ್ತು ನಾನು ಪ್ರವಾಸಿಗಳ ಗುಂಪಿನಿಂದ ತಪ್ಪಿಸಿಕೊಂಡು ಬಂದಿದ್ದೆ. ಗುಂಪನ್ನು ಕರೆದೊಯ್ಯುತ್ತಿದ್ದ ಹುಡುಗ ಸನ್ಯಾಸಿಗಳು ತೋಡಿದ ಕಾಲುವೆಗಳ ಬಗ್ಗೆ ಅರ್ಧ ಗಂಟೆ ಮಾತಾಡಿದ. ಸೆರೆಶಿಬಿರದ ಬಗ್ಗೆ ಒಂದೇ ವಾಕ್ಯ ಹೇಳಿದ: "ಇಲ್ಲಿ ದುಡಿಮೆಯ ಮೂಲಕ ಮನುಷ್ಯರನ್ನು ತಿದ್ದುತ್ತಿದ್ದರು, ಕೆಲವು ತಪ್ಪುಗಳೂ ಆದವು." ಎಷ್ಟು ತಪ್ಪುಗಳು, ಅವುಗಳ ಹೆಸರೇನು ಎಂದು ಕೇಳಿದೆ. "ಅಜ್ಜೀ, ಹಿಂದೆ ಉಳೀಬೇಡಿ, ಊಟದ ಹೊತ್ತಾಯ್ತು" ಎಂದ.

ನನ್ನ ಬಳಿ ಒಂದು ಹೆಸರಿದೆ. ನೀಲ್ ಶುಬಿನ್, ನನ್ನ ತಂದೆ. ಇಲ್ಲಿಯ ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. 1933ರಲ್ಲಿ ಹಿಡಿದು ನಿಮ್ಮ ದ್ವೀಪದ ಶಿಬಿರಕ್ಕೆ ಒಯ್ದರು. ಅವರ ವಿರುದ್ಧ ಬರೆದುಕೊಟ್ಟವರು ಭೂಗೋಳದ ಮೇಷ್ಟರು, ಶಾಲೆಯ ಗುಮಾಸ್ತೆ, ಕೆಳಮನೆಯ ದರ್ಜಿ. ಐವತ್ತೈದು ವರ್ಷವಾದರೂ ಒಂದು ಹೆಸರನ್ನೂ ನಾನು ಮರೆತಿಲ್ಲ. 1957ರಲ್ಲಿ ಕಚೇರಿಯವರು ಒಂದು ಕಾಗದ ಕೊಟ್ಟರು: ಮರಣ 2 ಮಾರ್ಚ್ 1936, ಕಾರಣ ಹೃದಯದ ದೌರ್ಬಲ್ಯ. ಜವುಗಿನಲ್ಲಿ ಬಿಡುವ ಒಂದು ಹೂವಿಗಾಗಿ ಸೈಕಲ್ ಮೇಲೆ ಮೂವತ್ತು ಮೈಲಿ ಹೋಗಿ ಬರುತ್ತಿದ್ದ ಮನುಷ್ಯನ ಹೃದಯ ಅದು. ಆ ಕಾಗದದಲ್ಲಿ ದಿನಾಂಕವೊಂದನ್ನು ಬಿಟ್ಟು ಬೇರೇನನ್ನೂ ನಾನು ನಂಬುವುದಿಲ್ಲ.

ನಿಮ್ಮ ತಂದೆ ಆ ಕಾಲದಲ್ಲಿ ಕಡಲಿನ ಮೇಲೆ ಕೆಲಸ ಮಾಡುತ್ತಿದ್ದವರೆಂದು ನೀವು ಹೇಳಿದಿರಿ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ತಿಳಿಯಬೇಕಾದದ್ದು ಒಂದೇ. ನನ್ನ ತಂದೆಯ ಕೊನೆಯ ಚಳಿಗಾಲ ಹೇಗೆ ಕಳೆದಿರಬಹುದು? ಹೊರಗಿನಿಂದ ಅವರಿಗೆ ಏನಾದರೂ ತಲುಪುತ್ತಿತ್ತೇ? ನವೆಂಬರಿನಲ್ಲಿ ಮಂಜುಗಟ್ಟಿ ಕಡಲು ಮುಚ್ಚಿದರೆ ಜೂನಿನವರೆಗೆ ದ್ವೀಪಕ್ಕೆ ಒಂದು ಚೀಟಿಯೂ ಹೋಗುವುದಿಲ್ಲವೆಂದು ಆಗ ಇಲ್ಲಿ ಎಲ್ಲರೂ ಹೇಳುತ್ತಿದ್ದರು. ನೀವು ಅಲ್ಲಿಯವರು, ನಿಮಗೆ ಗೊತ್ತಿರುತ್ತದೆ.

ಇಂತಿ ಗೌರವದಿಂದ,
ಅಗ್ನಿಯಾ ನಿಲೊವ್ನಾ ಶುಬಿನಾ


ಸೊಲೊವ್ಕಿ
2 ಅಕ್ಟೋಬರ್ 1988

ಅಗ್ನಿಯಾ ನಿಲೊವ್ನಾ ಅವರಿಗೆ ನಮಸ್ಕಾರ.

ನಿಮ್ಮ ನೆನಪು ಇಲ್ಲದೆ ಏನು. ಆ ಕೋಟಿನ ವಿಷಯಕ್ಕೆ ನನ್ನ ಹೆಂಡತಿ ಫೆಕ್ಲಾ ಇಂದಿಗೂ ಬಯ್ಯುತ್ತಾಳೆ. "ಅಷ್ಟು ಒಳ್ಳೆ ಬಟ್ಟೆ. ಒಂದು ಗೋಣಿ ಹಾಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಸೀಮೆಎಣ್ಣೆಯಲ್ಲಿ ಉಜ್ಜಿದರೆ ಟಾರು ಬಿಡುತ್ತದೆ ಎಂದು ತಿಳಿಸಲು ಹೇಳಿದ್ದಾಳೆ. ಆಮೇಲೆ ವಾಸನೆ ಹೋಗಲು ಒಂದು ವರ್ಷ ಬೇಕು, ಅದನ್ನು ನಾನು ಸೇರಿಸುತ್ತಿದ್ದೇನೆ.

ನಿಮ್ಮ ತಂದೆಯ ಹೆಸರನ್ನು ನಾನು ಕೇಳಿಲ್ಲ. ಕೇಳಿದ್ದೇನೆಂದು ಸುಳ್ಳು ಹೇಳಲಾರೆ. ಓದಿದವರನ್ನು ಪಾಚಿಯ ಕೆಲಸಕ್ಕೆ ಹಾಕುತ್ತಿದ್ದರಂತೆ, ಕಡಲಪಾಚಿ ಸುಟ್ಟು ಅಯೋಡಿನ್ ತೆಗೆಯುವ ಕೊಟ್ಟಿಗೆಗೆ. ಗಿಡಗಳನ್ನು ಬಲ್ಲ ಮೇಷ್ಟರು ಅಲ್ಲಿಯೇ ಇದ್ದಿರಬಹುದು. ಅಲ್ಲಿದ್ದರೆ ಒಳ್ಳೆಯದಾಯಿತು ಅನ್ನಬೇಕು. ಕಾಡಿನಲ್ಲಿ ಮರ ಕಡಿಯುವವರಿಗೆ ಬೆಂಕಿ ಇರಲಿಲ್ಲ, ಕೊಟ್ಟಿಗೆಯಲ್ಲಿ ಒಲೆ ಇತ್ತು.

ನಾವಿರುವುದೂ ಆ ಕಾಲದ ಬ್ಯಾರಕ್ಕಿನಲ್ಲೇ. ಆರು ಸಂಸಾರಗಳಿವೆ. ಗೋಡೆಗೆ ಏಳು ಪದರ ಕಾಗದ ಅಂಟಿದೆ. ಏಳನೆಯದರ ಕೆಳಗೆ ಏನಿದೆ ಎಂದು ಯಾರೂ ನೋಡಲು ಹೋಗುವುದಿಲ್ಲ. ಆಲೂಗಡ್ಡೆ ಅಗೆಯುವಾಗ ಗುದ್ದಲಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಇಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ನೀವು ಬೇಜಾರು ಮಾಡಿಕೊಳ್ಳಬಾರದು. ನಾವೂ ಎಲ್ಲಾದರೂ ಇರಬೇಕಲ್ಲ.

ಅವಸರದಲ್ಲಿ ಬರೆಯುತ್ತಿದ್ದೇನೆ. ಇನ್ನು ಕೆಲವೇ ದಿನಕ್ಕೆ ಬೋಟುಗಳು ನಿಲ್ಲುತ್ತವೆ. ಆಮೇಲೆ ಅರ್ಖಾಂಗೆಲ್ಸ್ಕಿನ ಪುಟ್ಟ ವಿಮಾನವೇ ಗತಿ, ಅದೂ ಮೋಡ ಇಲ್ಲದ ದಿನ. ಕಡಲು ಮುಚ್ಚಿತು ಎಂದರೆ ಇಲ್ಲಿ ಎಲ್ಲವೂ ನಿಂತ ಹಾಗೆ.

ಲಾವ್ರ್


ವೊಲೊಗ್ದಾ
23 ಅಕ್ಟೋಬರ್ 1988

ಗೌರವಾನ್ವಿತ ಲಾವ್ರ್ ಕುಜ್ಮಿಚ್,

ನಿಮ್ಮ ಕಾಗದದಿಂದ ನನಗೆ ಎಷ್ಟು ಉಪಕಾರವಾಯಿತೆಂದು ನಿಮಗೆ ಗೊತ್ತಿಲ್ಲ. ಒಲೆಯ ವಿಷಯವನ್ನು ಮೂರು ಸಲ ಓದಿದೆ. ಕಡಲಿನ ವಿಷಯವನ್ನು ಅದಕ್ಕಿಂತ ಹೆಚ್ಚು ಸಲ.

ಇಲ್ಲಿಯ ಪತ್ರಿಕೆಯೊಂದಕ್ಕೆ ಲೇಖನ ಬರೆದಿದ್ದೇನೆ. 'ಕೆಲವು ತಪ್ಪುಗಳು' ಎಂದು ಹೆಸರಿಟ್ಟಿದ್ದೇನೆ. ಈಗ ಇಂಥದ್ದನ್ನು ಅಚ್ಚು ಹಾಕುತ್ತಾರೆ. ಹೋದ ವರ್ಷದವರೆಗೂ ಬಾಯಿ ಮುಚ್ಚಿಕೊಂಡಿದ್ದವರೇ ಈಗ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಾರೆ. ಅದರ ಪ್ರತಿ ಲಗತ್ತಿಸಿದ್ದೇನೆ. ದಯವಿಟ್ಟು ತಪ್ಪಿದ್ದರೆ ತಿದ್ದಿ. ಮೂವತ್ತಾರು ವರ್ಷ ಗ್ರಂಥಾಲಯದಲ್ಲಿ ದುಡಿದವಳು ನಾನು. ತಪ್ಪು ದಿನಾಂಕವಿರುವ ಪುಸ್ತಕವನ್ನು ಕಪಾಟಿನಲ್ಲಿಡುವಾಗಲೂ ನನಗೆ ಅವಮಾನವೆನಿಸುತ್ತಿತ್ತು.

ನನಗೆ ಮುಖ್ಯವಾದದ್ದು ಮೂರನೆಯ ಪ್ಯಾರಾ. ನೀವು ಓದದೆ ಬಿಟ್ಟೀರೆಂದು ಇಲ್ಲಿಯೂ ಬರೆಯುತ್ತೇನೆ:

'ನವೆಂಬರಿನಿಂದ ಜೂನಿನವರೆಗೆ ಹೊರಗಿನ ಒಂದು ಅಕ್ಷರವೂ ಆ ದ್ವೀಪವನ್ನು ಮುಟ್ಟುತ್ತಿರಲಿಲ್ಲ. ತಾಯಿ ಸತ್ತದ್ದು, ಮಗು ಹುಟ್ಟಿದ್ದು, ಮನೆಯವರು ಬರೆದ ಒಳ್ಳೆಯದು ಕೆಟ್ಟದ್ದು ಎಲ್ಲವೂ ಕೆಮ್ ಬಂದರಿನ ಉಗ್ರಾಣದಲ್ಲಿ ಬಿದ್ದಿರುತ್ತಿತ್ತು. ಆ ಚಳಿಗಾಲದಲ್ಲಿ ಸತ್ತವರು ಯಾವುದನ್ನೂ ತಿಳಿಯದೆ ಸತ್ತರು. ಮನುಷ್ಯನನ್ನು ತನ್ನವರ ಮಾತಿನಿಂದ ಕತ್ತರಿಸಿಟ್ಟ ಇದನ್ನು ಯಾವ ತಪ್ಪಿನ ಪಟ್ಟಿಗೆ ಸೇರಿಸುತ್ತೀರಿ?'

ಇದನ್ನು ಬರೆಯುವಾಗ ನನಗೆ ಕೋಪದ ಜೊತೆಗೆ ಒಂದು ಬಗೆಯ ಸಮಾಧಾನವೂ ಆಯಿತು. ಏಕೆಂದು ಕೇಳಬೇಡಿ.

ಫೆಕ್ಲಾ ಅವರಿಗೆ ನನ್ನ ನಮಸ್ಕಾರ. ಸೀಮೆಎಣ್ಣೆ ಹಚ್ಚಿದೆ. ವಾಸನೆಯ ವಿಷಯದಲ್ಲಿ ನೀವು ಹೇಳಿದ್ದು ನಿಜ.

ಅಗ್ನಿಯಾ ಶುಬಿನಾ


ಸೊಲೊವ್ಕಿ
20 ನವೆಂಬರ್ 1988

ಅಗ್ನಿಯಾ ನಿಲೊವ್ನಾ ಅವರಿಗೆ,

ವಿಮಾನ ಹನ್ನೊಂದು ದಿನ ಬರಲಿಲ್ಲ. ನಿನ್ನೆ ಬಂತು, ನಿಮ್ಮ ಲೇಖನವೂ ಬಂತು. ಫೆಕ್ಲಾ ಗಟ್ಟಿಯಾಗಿ ಓದಿದಳು, ನಾನು ಮೀನು ಸೀಳುತ್ತ ಕೇಳಿದೆ. ಮಧ್ಯೆ ಎರಡು ಸಲ ನಿಲ್ಲಿಸಿ ಮೂಗು ಒರೆಸಿಕೊಂಡಳು. "ಬರಿಯೋದಂದ್ರೆ ಹೀಗೆ ಬರೀಬೇಕು. ನೀನಿದೀಯ, ನಮ್ಮಕ್ಕಂಗೆ ಹುಟ್ಟುಹಬ್ಬದ ಕಾರ್ಡಿಗೆ ನಾಕು ಸಾಲು ಬರಿಯೋಕೆ ಮೂರು ದಿನ ತಗೋತೀಯ" ಎಂದಳು.

ತಿದ್ದಿ ಎಂದಿದ್ದೀರಿ, ಅದಕ್ಕೇ ಹೇಳುತ್ತೇನೆ. ಮಠದ ದೊಡ್ಡ ಗಂಟೆಯನ್ನು ಇಳಿಸಿದ್ದು ಬೇಸಿಗೆಯಲ್ಲಿ, ನೀವು ಬರೆದ ಹಾಗೆ ಶರತ್ಕಾಲದಲ್ಲಿ ಅಲ್ಲ. ಅದು ದೊಡ್ಡ ತಪ್ಪೇನಲ್ಲ.

ಮೂರನೆಯ ಪ್ಯಾರಾ ಮಾತ್ರ ಪೂರ್ತಿ ತಪ್ಪು. ಅದು ನೆಲದ ಕಡೆಯವರೆಲ್ಲ ಮಾಡುವ ತಪ್ಪು. ಕಡಲು ಮುಚ್ಚಿತು ಅಂದರೆ ಹಡಗಿಗೆ ಮುಚ್ಚಿತು ಅಷ್ಟೇ, ಟಪಾಲಿಗೆ ಮುಚ್ಚಲಿಲ್ಲ. ಚಳಿಗಾಲದಲ್ಲಿ ಟಪಾಲು ತರುತ್ತಿದ್ದವನೇ ನನ್ನ ಅಪ್ಪ ಕುಜ್ಮಾ. ಕೆಮ್ ಕಡೆಯ ದಡದಿಂದ ಅರವತ್ತು ಕಿಲೋಮೀಟರು, ಐದು ಜನ, ಒಂದು ಹಗುರ ದೋಣಿ. ದೋಣಿಯ ಅಡಿಗೆ ಜಾರುಬಂಡಿಯ ಹಾಗೆ ಎರಡು ಪಟ್ಟಿ. ನೀರು ಸಿಕ್ಕಲ್ಲಿ ಹುಟ್ಟು ಹಾಕುವುದು, ಮಂಜುಗಡ್ಡೆ ಸಿಕ್ಕಲ್ಲಿ ಎದೆಗೆ ಪಟ್ಟಿ ಕಟ್ಟಿಕೊಂಡು ಎಳೆಯುವುದು, ಗಂಜಿಯಂಥ ಮಂಜು ಸಿಕ್ಕರೆ ದೇವರೇ ಗತಿ, ಅದರಲ್ಲಿ ಹುಟ್ಟೂ ಆಡುವುದಿಲ್ಲ, ಕಾಲೂ ನಿಲ್ಲುವುದಿಲ್ಲ. ಒಂದೊಂದು ಸಲ ಮೂರು ದಿನ ಹಿಡಿಯುತ್ತಿತ್ತು. ಬಿರುಗಾಳಿಗೆ ಸಿಕ್ಕಿ ದೋಣಿ ಹಗುರ ಮಾಡಬೇಕಾದಾಗ ಅಪ್ಪ ಹೇಳುತ್ತಿದ್ದನಂತೆ: "ಹಿಟ್ಟು ಎಸೀರಿ, ಮೀನು ಎಸೀರಿ, ಬೇಕಾದ್ರೆ ಗ್ರಿಷ್ಕನ್ನೂ ಎಸೀರಿ, ಅವನು ಹೇಗೂ ತೇಲ್ತಾನೆ. ಚೀಲ ಮಾತ್ರ ಮುಟ್ಟಬೇಡಿ." ಹದಿನಾಲ್ಕು ಚಳಿಗಾಲ ಓಡಾಡಿದ. ಎಡಗೈಯ ಮೂರು ಬೆರಳು ಕಳಕೊಂಡ. ಒಂದು ಕಾಗದ ಕಳೆಯಲಿಲ್ಲ.

ಇದನ್ನು ನಿಮ್ಮ ಲೇಖನದಲ್ಲಿ ಸೇರಿಸಿದರೆ ನನಗೆ ಸಂತೋಷ. ಅವನ ಹೆಸರು ಎಲ್ಲಿಯೂ ಅಚ್ಚಾಗಿಲ್ಲ. ಕುಜ್ಮಾ ಪಾನೊವ್ ಎಂದು ಬರೆಯಿರಿ. ನಿಮ್ಮ ತಂದೆಗೂ ಆ ಚಳಿಗಾಲ ಮನೆಯ ಕಾಗದ ಸಿಕ್ಕೇ ಸಿಕ್ಕಿರುತ್ತದೆ. ಅವರು ಏನೂ ತಿಳಿಯದೆ ಹೋದರು ಎಂದು ನೀವು ಕೊರಗಬೇಕಾಗಿಲ್ಲ.

ಲಾವ್ರ್


ಸೊಲೊವ್ಕಿ
9 ಜನವರಿ 1989

ಅಗ್ನಿಯಾ ನಿಲೊವ್ನಾ ಅವರಿಗೆ,

ಹೊಸ ವರ್ಷದ ಶುಭಾಶಯಗಳು. ನಿಮ್ಮಿಂದ ಕಾಗದವಿಲ್ಲ. ಅಂಚೆ ಕಚೇರಿಯ ನ್ಯೂರಾ ನನ್ನನ್ನು ಕಂಡರೆ ಸಿಡಿಯುತ್ತಾಳೆ. "ವಿಮಾನ ಬಂದ್ರೆ ನಾನೇ ಕೂಗ್ತೀನಿ ಲಾವ್ರ್ ಮಾವ. ದಿನಾ ಬಂದು ಒಲೆ ಮುಂದೆ ಕೂತು ಸರ್ಕಾರದ ಸೌದೆ ಖಾಲಿ ಮಾಡ್ಬೇಡ." ಫೆಕ್ಲಾ ಇನ್ನೂ ಒಂದು ಹೆಜ್ಜೆ ಮುಂದೆ. "ಮದುವೆಗೆ ಮುಂಚೆ ನನ್ನ ಕಾಗದಕ್ಕೂ ನೀನಿಷ್ಟು ಕಾದಿರ್ಲಿಲ್ಲ" ಎನ್ನುತ್ತಾಳೆ.

ನಾನು ಕೂತು ಯೋಚಿಸಿದೆ. ನಿಮಗೆ ಏಕೆ ಕೋಪ ಬಂದಿರಬಹುದೆಂದು ಈಗ ಹೊಳೆದಿದೆ. ಅಪ್ಪನ ಬಗ್ಗೆ ಜಂಬ ಕೊಚ್ಚಿಕೊಂಡೆ. ಅವನಿಗೆ ಸಂಬಳ ಕೊಡುತ್ತಿದ್ದವರು ನಿಮ್ಮ ತಂದೆಯನ್ನು ಕೂಡಿಹಾಕಿದವರೇ. ಅವನು ತಂದ ಚೀಲಗಳಲ್ಲಿ ಮನೆಯ ಕಾಗದಗಳಷ್ಟೇ ಅಲ್ಲ, ಆಜ್ಞೆಗಳೂ ಇರುತ್ತಿದ್ದವು. ಯಾರನ್ನು ಎಲ್ಲಿಗೆ ಸಾಗಿಸಬೇಕು, ಯಾರನ್ನು ಏನು ಮಾಡಬೇಕು. ಅದನ್ನು ಅಪ್ಪ ಏನೆಂದು ಕೇಳದೆಯೇ ಎಳೆದು ತಂದ. ಕೊನೆಗಾಲದಲ್ಲಿ ಒಂದು ದಿನ ತನ್ನಷ್ಟಕ್ಕೆ ಹೇಳಿದ: "ಆ ಚೀಲದಲ್ಲಿ ಏನಿದೆ ಅಂತ ನಾನು ಕೇಳ್ಬೇಕಾಗಿತ್ತು." ನಾನು, "ನೀನು ಕೇಳಿದ್ರೆ ಅವರು ಹೇಳ್ತಿದ್ರಾ?" ಎಂದೆ. "ಹೇಳ್ತಿರ್ಲಿಲ್ಲ. ಆದ್ರೂ ಕೇಳ್ಬೇಕಾಗಿತ್ತು" ಎಂದ.

ಅವನ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಅವನ ಹೆಸರನ್ನು ಲೇಖನದಲ್ಲಿ ಸೇರಿಸಬೇಡಿ.

ಲಾವ್ರ್ ಪಾನೊವ್


ಸೊಲೊವ್ಕಿ
26 ಫೆಬ್ರವರಿ 1989

ಗೌರವಾನ್ವಿತ ಅಗ್ನಿಯಾ ನಿಲೊವ್ನಾ ಅವರಿಗೆ,

ಇನ್ನೂ ನಿಮ್ಮ ಕಾಗದವಿಲ್ಲ. ಹಾಗಾದರೆ ಕೋಪವಲ್ಲ, ನೀವು ನನ್ನನ್ನು ನಂಬುತ್ತಿಲ್ಲ. ಓದಿದವರು ಪುರಾವೆ ಕೇಳುತ್ತಾರೆ, ಸರಿಯೇ. ನನ್ನ ಬಳಿ ಪುರಾವೆ ಇದೆ.

ಅಪ್ಪ ಗೋಡೆಯ ಕ್ಯಾಲೆಂಡರಿನಿಂದ ದಿನದ ಹಾಳೆ ಹರಿಯುವಾಗ, ದಡ ಮುಟ್ಟಿದ ದಿನದ ಹಾಳೆಯನ್ನು ಎಸೆಯುತ್ತಿರಲಿಲ್ಲ. ಅದರ ಹಿಂದೆ ಪೆನ್ಸಿಲಿನಲ್ಲಿ ಒಂದೆರಡು ಮಾತು ಗೀಚಿ, ವರ್ಷವರ್ಷದ್ದನ್ನು ದಾರದಲ್ಲಿ ಕಟ್ಟಿಡುತ್ತಿದ್ದ. ಪೆಟ್ಟಿಗೆಯ ತಳದಿಂದ ಆ ಕಟ್ಟುಗಳನ್ನು ತೆಗೆದೆ. ನಿಮಗೆ ಬೇಕಾದ ಚಳಿಗಾಲದ ಮೊದಲ ಹಾಳೆ 17 ಜನವರಿ 1936ರದು. ಹಿಂದೆ ಹೀಗಿದೆ: 'ದ್ವೀಪ ಮುಟ್ಟಿದೆವು. ಎರಡೂವರೆ ದಿನ. ಚೀಲ ಮೂರು, ಮೂರೂ ಒಣಗಿವೆ.' ಅದು ಆ ಸಲದ ಮೊದಲ ಯಾನ. ಎಂದರೆ ನವೆಂಬರಿನಿಂದ ಕೆಮ್‌ನಲ್ಲಿ ಕೂಡಿಬಿದ್ದಿದ್ದ ಕಾಗದಗಳೆಲ್ಲ ಆ ಮೂರು ಚೀಲದಲ್ಲಿದ್ದವು. ನೀವು ಆಗ ಏನು ಬರೆದಿದ್ದರೂ ಅದು ಅಂದು ಅವರ ಕೈ ಸೇರಿದೆ.

ಈಗಲಾದರೂ ನಂಬುತ್ತೀರೆಂದು ಭಾವಿಸುತ್ತೇನೆ. ಇನ್ನು ಬರೆದು ತೊಂದರೆ ಕೊಡುವುದಿಲ್ಲ.

ಲಾ. ಪಾನೊವ್


ವೊಲೊಗ್ದಾ
19 ಮಾರ್ಚ್ 1989

ಲಾವ್ರ್ ಕುಜ್ಮಿಚ್,

ನನಗೆ ನಿಮ್ಮ ಮೇಲೆ ಕೋಪವಿಲ್ಲ. ನಿಮ್ಮ ತಂದೆಯ ಮೇಲೂ ಇಲ್ಲ. ನಂಬಿಕೆಯ ವಿಷಯಕ್ಕೆ ಬಂದರೆ, ನವೆಂಬರಿನ ನಿಮ್ಮ ಕಾಗದವನ್ನು ಮೊದಲ ಸಲ ಓದಿದಾಗಲೇ ಅಕ್ಷರ ಅಕ್ಷರ ನಂಬಿದೆ. ಅದಕ್ಕೇ ಉತ್ತರ ಬರೆಯಲಾಗಲಿಲ್ಲ. ಲೇಖನವನ್ನು ಪತ್ರಿಕೆಯಿಂದ ವಾಪಸ್ ತರಿಸಿಕೊಂಡೆ.

ಅಪ್ಪನ ವಿರುದ್ಧ ಬರೆದವರು ಯಾರೆಂದು ನಿಮಗೆ ಹೇಳಿದ್ದೆ. ಮೂವರನ್ನು ಹೇಳಿದೆ. ನಾಲ್ಕನೆಯವಳು ಅಗ್ನಿಯಾ ಶುಬಿನಾ, ಐದನೆಯ ತರಗತಿ.

1935ರ ಅಕ್ಟೋಬರಿನಲ್ಲಿ ಶಾಲೆಯ ಸಭೆಯಲ್ಲಿ ನನ್ನನ್ನು ನಿಲ್ಲಿಸಿ, ಶತ್ರುವಿನ ಮಗಳಾಗಿ ಉಳಿಯುತ್ತೀಯಾ ಎಂದು ಕೇಳಿದರು. ಹನ್ನೊಂದು ವರ್ಷ ನನಗೆ. ನನ್ನ ಕೈಬರಹ ಚೆನ್ನಾಗಿತ್ತು. ಕಪ್ಪುಹಲಗೆಯ ಪಕ್ಕದ ಮೇಜಿನಲ್ಲಿ ಕೂತು ಬರೆದೆ. ಪ್ರತಿ ಅಕ್ಷರ ನೆನಪಿದೆ: 'ನಾಗರಿಕ ಶುಬಿನ್ ಅವರಿಗೆ. ನೀವು ನನ್ನ ತಂದೆಯಲ್ಲ. ನಿಮ್ಮ ಹೆಸರನ್ನು ಹೊರಲು ನನಗೆ ನಾಚಿಕೆಯಾಗುತ್ತದೆ. ಇನ್ನು ನಮಗೆ ಬರೆಯಬೇಡಿ.' ಅದನ್ನು ಗಟ್ಟಿಯಾಗಿ ಓದಿಸಿದರು. ಮೇಡಂ ನನ್ನ ತಲೆ ಸವರಿದರು. ನನಗೆ ಹೆಮ್ಮೆಯಾಯಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಹೆದರಿ ಬರೆದೆ ಎಂದರೆ ಅರ್ಧ ಸುಳ್ಳಾಗುತ್ತದೆ. ನನಗೆ ಹೆಮ್ಮೆಯಾಗಿತ್ತು.

ಅಂಚೆಗೆ ಹಾಕಿದ ರಸೀದಿಯನ್ನು ಶಾಲೆಗೆ ತೋರಿಸಬೇಕಿತ್ತು. ಅಮ್ಮ ಕಾಗದವನ್ನು ಮೂರು ವಾರ ಹಿಟ್ಟಿನ ಡಬ್ಬಿಯಲ್ಲಿಟ್ಟಳು. ದಿನಾ ಅಂಚೆ ಕಚೇರಿಗೆ ಹೋಗಿ, ದ್ವೀಪಕ್ಕೆ ಹಡಗು ಇನ್ನೂ ಹೋಗ್ತಿದೆಯಾ ಎಂದು ವಿಚಾರಿಸುತ್ತಿದ್ದಳು. ನವೆಂಬರ್ ಇಪ್ಪತ್ತರಂದು ಓಡಿಬಂದಳು. "ಕಡಲು ಮುಚ್ಚಿತಂತೆ. ಈಗ ಹಾಕ್ತೀನಿ. ಜೂನಿಗೆ ಮುಂಚೆ ಹೋಗಲ್ಲ ಪುಟ್ಟಾ, ಅಷ್ಟರಲ್ಲಿ ಏನೇನೋ ಬದಲಾಗುತ್ತೆ" ಎಂದಳು. ರಸೀದಿ ಸಿಕ್ಕಿತು, ಅಮ್ಮನ ಕೆಲಸ ಉಳಿಯಿತು, ನನ್ನ ಶಾಲೆ ಉಳಿಯಿತು. ಎಂಥ ಉಪಾಯ ಮಾಡಿದೆವು ಎಂದುಕೊಂಡೆವು.

1957ರಲ್ಲಿ ಆ ಸುಳ್ಳು ಕಾಗದ ಬಂದಾಗ ನಾನು ಮಾರ್ಚ್ 2ನ್ನು ಹಿಡಿದುಕೊಂಡೆ. ಮಾರ್ಚ್ ಎಂದರೆ ಜೂನಿಗೆ ಮುಂಚೆ. ಅಪ್ಪ ಓದಲಿಲ್ಲ. ಮೂವತ್ತೆರಡು ವರ್ಷ ಅದನ್ನು ನಂಬಿ ಬದುಕಿದೆ. ಪ್ರಪಂಚದ ಮೇಲೆಲ್ಲ ಕೋಪ ಮಾಡಿಕೊಳ್ಳುವ ಹಕ್ಕು ನನಗಿದೆಯೆಂದುಕೊಂಡದ್ದು ಅದರ ಬಲದಿಂದ. ನಿಮ್ಮ ತಂದೆ ನನ್ನ ಆ ಕಾಗದವನ್ನು ಎದೆಗೆ ಪಟ್ಟಿ ಕಟ್ಟಿಕೊಂಡು ಎಳೆದು ತಂದು, ಒಣಗಿದ್ದ ಹಾಗೆಯೇ ಅಪ್ಪನ ಕೈಗೆ ಕೊಟ್ಟರು.

ನೀವು ಮಾಡಿದ್ದು ಸರಿ. ತಿದ್ದಿ ಎಂದು ನಾನೇ ಕೇಳಿದ್ದೆ.

ಅಗ್ನಿಯಾ


ಸೊಲೊವ್ಕಿ
8 ಏಪ್ರಿಲ್ 1989

ಅಗ್ನಿಯಾ ನಿಲೊವ್ನಾ,

ಕೂಡಲೇ ಬರೆಯುತ್ತಿದ್ದೇನೆ, ವಿಮಾನ ಹೊರಡಲು ಒಂದು ಗಂಟೆ ಇದೆ. ನಾನು ದೊಡ್ಡ ತಪ್ಪು ಮಾಡಿದೆ. ನಿಮಗೆ ಹಿಂದೆ ಬರೆದದ್ದು ಪೂರ್ತಿ ನಿಜವಲ್ಲ.

1936ರ ಜನವರಿಯ ಆ ಯಾನದಲ್ಲಿ ಒಂದು ಚೀಲ ನೀರಿಗೆ ಬಿತ್ತು. ಅಪ್ಪ ಮರ್ಯಾದೆಗೆ ಅಂಜಿ ಹಾಳೆಯ ಮೇಲೆ ಮೂರು ಎಂದು ಬರೆದ, ತಂದದ್ದು ಎರಡೇ. ಸಾಯುವ ಮುಂಚೆ ನನಗೊಬ್ಬನಿಗೆ ಹೇಳಿದ. ಬಿದ್ದುಹೋದ ಚೀಲದಲ್ಲಿ ವೊಲೊಗ್ದಾ ಕಡೆಯ ಕಾಗದಗಳು ಇದ್ದವಂತೆ. ನಿಮ್ಮ ಕಾಗದವೂ ಅದರಲ್ಲೇ ಇರಬೇಕು. ಇದು ನಿಜ. ನೀವು ನೆಮ್ಮದಿಯಿಂದಿರಿ.

ಲಾವ್ರ್


ವೊಲೊಗ್ದಾ
30 ಏಪ್ರಿಲ್ 1989

ಪ್ರಿಯ ಲಾವ್ರ್ ಕುಜ್ಮಿಚ್,

ಮುಳುಗುತ್ತಿರುವ ಚೀಲದಲ್ಲಿ ಯಾವ ಊರಿನ ಕಾಗದಗಳಿವೆಯೆಂದು ನಿಮ್ಮ ತಂದೆ ವಿಂಗಡಿಸಿ ನೋಡಿದರೆಂದು ನಾನು ನಂಬಬೇಕೇ? ಮೂವತ್ತಾರು ವರ್ಷದ ನನ್ನ ಕೆಲಸಕ್ಕೆ ನೀವು ಸ್ವಲ್ಪ ಮರ್ಯಾದೆ ಕೊಡಬಹುದಿತ್ತು.

ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ನಿಮ್ಮ ತಂದೆ ಒಂದು ಕಾಗದವನ್ನೂ ಕಳೆಯಲಿಲ್ಲ. ಅದಕ್ಕೆ ಮೂರು ಬೆರಳು ಕೊಟ್ಟಿದ್ದಾರೆ. ನನ್ನ ನೆಮ್ಮದಿಗಾಗಿ ನೀವು ಅವರನ್ನು ಸುಳ್ಳುಗಾರನನ್ನಾಗಿ ಮಾಡಬಾರದು. ಒಬ್ಬರ ತಂದೆಯನ್ನು ಹಾಗೆ ಕಾಗದದ ಮೇಲೆ ಕೈಬಿಡುವುದು ಎಷ್ಟು ಸುಲಭ ಎಂದು ನನಗೆ ಗೊತ್ತು.

ಲೇಖನವನ್ನು ಮತ್ತೆ ಬರೆದಿದ್ದೇನೆ. ಈಗ ಅದರಲ್ಲಿ ನಾಲ್ಕು ಹೆಸರುಗಳೂ ಇವೆ. ಕುಜ್ಮಾ ಪಾನೊವ್ ಅವರ ಹೆಸರು ಬೇರೆ ಪ್ಯಾರಾದಲ್ಲಿದೆ, ನೀವು ಬೇಡವೆಂದರೂ ತೆಗೆಯುವುದಿಲ್ಲ.

ಆದರೆ ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ನಿಮ್ಮ ಸುಳ್ಳನ್ನು ಓದುತ್ತ ಕೂತಿದ್ದಾಗ ನನಗೆ ಅಮ್ಮ ನೆನಪಾದಳು. ಬಹಳ ಚಿಕ್ಕ ವಿಷಯ. ಅದನ್ನು ನಾನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

1936ರ ಫೆಬ್ರವರಿಯ ಕೊನೆಯಲ್ಲಿ ನಾನು ಶಾಲೆಯಿಂದ ಬಂದಾಗ ಅಮ್ಮ ಒಲೆಯ ಮುಂದೆ ನಿಂತಿದ್ದಳು. ಕೈಯಲ್ಲೊಂದು ಕಾಗದ, ನೀರು ಕುಡಿದು ಒಣಗಿದ್ದರ ಹಾಗೆ ಉಬ್ಬಿಕೊಂಡಿತ್ತು. ಓದಿ ಮುಗಿಸಿ ಒಲೆಗೆ ಹಾಕಿದಳು. "ಯಾರದು?" ಎಂದೆ. "ಕಾರ್ಗೊಪೊಲ್ ಅತ್ತೇದು. ಕೆಮ್ಮಂತೆ ಅವಳಿಗೆ" ಎಂದಳು. ಒಲೆಯ ಬಾಗಿಲು ಮುಚ್ಚಿದ ಮೇಲೆ, ನನ್ನ ಮುಖ ನೋಡದೆ ಹೇಳಿದಳು: "ನಿನ್ನ ಕೇಳಿದಾಳೆ. ನಿನ್ನ ಕೈಬರಹ ತುಂಬಾ ಚೆನ್ನಾಗಾಗಿದೆ ಅಂದಿದಾಳೆ. ಯಾವುದನ್ನೂ ಮನಸ್ಸಿಗೆ ಹಚ್ಚಿಕೋಬಾರದಂತೆ, ಚೆನ್ನಾಗಿ ಓದ್ಬೇಕಂತೆ."

ಕಾರ್ಗೊಪೊಲಿನ ಅತ್ತೆಗೆ ನಾನು ಎಂದೂ ಕಾಗದ ಬರೆದಿರಲಿಲ್ಲ. ನನ್ನ ಕೈಬರಹವನ್ನು ಅವಳು ನೋಡಿಯೇ ಇರಲಿಲ್ಲ. ಆಗಲೇ ಅದು ವಿಚಿತ್ರವೆನಿಸಿತ್ತು. ದೊಡ್ಡವಳಾದ ಮೇಲೆ ಒಂದೆರಡು ಸಲ ಅನುಮಾನವೂ ಬಂದಿತ್ತು. ಪ್ರತಿ ಸಲ ನಾನೇ ನನಗೆ ಉತ್ತರ ಹೇಳಿಕೊಂಡೆ: ಸಾಧ್ಯವಿಲ್ಲ, ಫೆಬ್ರವರಿಯಲ್ಲಿ ಕಡಲು ಮುಚ್ಚಿರುತ್ತದೆ. ಅಮ್ಮ 1971ರಲ್ಲಿ ಹೋದಳು. ಮೂವತ್ತೈದು ವರ್ಷ ಒಂದೇ ಮನೆಯಲ್ಲಿದ್ದೆವು. ನಾನು ಕೇಳಲಿಲ್ಲ. ನನ್ನ ಕಾಗದ ತಲುಪಿತ್ತೆಂದು ನನಗೆ ಗೊತ್ತಾಗಬಾರದೆಂದು ಅವಳೂ ಹೇಳಲಿಲ್ಲ. ನನ್ನನ್ನು ಉಳಿಸಲು ಅಪ್ಪನ ಮಾತನ್ನು ಅತ್ತೆಯ ಬಾಯಿಗೆ ಹಾಕಿ ಹೇಳಿದಳೇ ಎಂದು ಈಗ ಕೇಳಲು ಯಾರೂ ಉಳಿದಿಲ್ಲ, ನಿಮ್ಮನ್ನು ಬಿಟ್ಟು.

ಆದ್ದರಿಂದ ಒಂದೇ ಪ್ರಶ್ನೆ. ಈ ಸಲ ನನ್ನ ಮೇಲೆ ಕನಿಕರ ಬೇಡ. ಜನವರಿ ಹದಿನೇಳರಂದು ಚೀಲ ಕೊಟ್ಟ ಮೇಲೆ ನಿಮ್ಮ ತಂದೆ ದ್ವೀಪದಿಂದ ಬರಿಗೈಯಲ್ಲಿ ಹೊರಟರೇ?

ಅಗ್ನಿಯಾ


ಸೊಲೊವ್ಕಿ
21 ಮೇ 1989

ಅಗ್ನಿಯಾ ಅಕ್ಕನಿಗೆ,

ಚೀಲದ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಾನು ಅದನ್ನು ಬರೆದದ್ದು ಗೊತ್ತಾದ ದಿನದಿಂದ ಫೆಕ್ಲಾ ನನ್ನ ಜೊತೆ ಮಾತಾಡಿಲ್ಲ, ಊಟದ ತಟ್ಟೆಯನ್ನು ಮಾತ್ರ ಸದ್ದು ಮಾಡಿ ಇಡುತ್ತಿದ್ದಳು. ನಿನ್ನೆ ನಿಮ್ಮ ಕಾಗದ ಓದಿ ಬಾಯಿ ಬಿಟ್ಟಳು. "ಮಾವನ ಹೆಸರು ಕೆಡಿಸೋಕೆ ನಿಂಗೆ ಒಂದು ಗಂಟೆ ಸಾಕಾಯ್ತು. ಈಗ ಕೂತ್ಕೊಂಡು ಸರಿಯಾಗಿ ಹುಡುಕು."

ಹುಡುಕಿದೆ. ಆ ವರ್ಷದ ಕಟ್ಟಿನಲ್ಲಿ ನಾನು ನಿಮಗಾಗಿ ನೋಡಿದ್ದು ದ್ವೀಪ ಮುಟ್ಟಿದ ಹಾಳೆಗಳನ್ನು ಮಾತ್ರ. ವಾಪಸ್ ಹೋಗಿ ಕೆಮ್ ಮುಟ್ಟಿದ ಹಾಳೆಗಳನ್ನು ನೋಡಿರಲಿಲ್ಲ. ಗಾಳಿ ಬಿಡದೆ ಅವರು ದ್ವೀಪದಲ್ಲೇ ಎರಡು ವಾರ ಉಳಿದಿದ್ದಾರೆ. ಅಷ್ಟು ದಿನವೂ ಬ್ಯಾರಕ್ಕುಗಳಿಂದ ಕಾಗದಗಳು ಬಂದು ಸೇರಿವೆ. ಯಾರು ಬರೆದರು, ಯಾರಿಗೆ ಬರೆದರು ಎಂಬುದು ಅಪ್ಪನಿಗೆ ಗೊತ್ತಿರಲು ಸಾಧ್ಯವಿಲ್ಲ. ನಿಮ್ಮ ತಂದೆ ಬರೆದರು ಎಂದು ನಾನು ಹೇಳಲಾರೆ. ಇನ್ನು ಗೊತ್ತಿಲ್ಲದ್ದನ್ನು ಹೇಳುವುದಿಲ್ಲ.

ನನ್ನ ಮಾತನ್ನು ನೀವು ನಂಬಬೇಕಾಗಿಲ್ಲ. ಹಾಳೆಯನ್ನೇ ಇದರ ಜೊತೆ ಇಟ್ಟಿದ್ದೇನೆ. ರಿಜಿಸ್ಟರ್ ಮಾಡಿ ಕಳಿಸು ಎಂದು ನ್ಯೂರಾಗೆ ಹೇಳಿದ್ದೇನೆ. 3 ಫೆಬ್ರವರಿ 1936, ಸೋಮವಾರ. ಹಿಂದಿನ ಪೆನ್ಸಿಲ್ ಮಾಸಿದೆ, ಕಿಟಕಿಯ ಬೆಳಕಿಗೆ ಹಿಡಿದು ಓದಿ:

'ವಾಪಸ್ ಬಂದೆವು. ಚೀಲ ಒಂದು. ದಡದ ಹತ್ತಿರ ಮಂಜು ಒಡೆದು ನೀರು ನುಗ್ಗಿತು. ಮನೆಗೆ ತಂದು ಒಂದೊಂದೇ ಕಾಗದ ಬಿಡಿಸಿ ಒಲೆಯ ಮೇಲೆ ಹರಡಿದೆ. ಎಲ್ಲವೂ ಓದುವ ಹಾಗಿವೆ.'